ಇಳಿಯದ ಬಕೆಟ್

ದ್ಯಾಮಪ್ಪನ ಹಳೆಯ ಟ್ರ್ಯಾಕ್ಟರಿನ ಮುಂದಿದ್ದ, ಮಣ್ಣೆತ್ತುವ ಲೋಡರ್ ಬಕೆಟ್ ಮೇಲೆತ್ತಿದರೆ ನಿಲ್ಲುತ್ತಿರಲಿಲ್ಲ. ಎಣ್ಣೆ ಸೋರಿ ಸೋರಿ ತಾನಾಗಿಯೇ ನೆಲಕ್ಕೆ ಇಳಿದುಬಿಡುತ್ತಿತ್ತು. ಎರಡು ವರ್ಷ ಅವನು ಅದನ್ನು ಹಾಗೆಯೇ ನಡೆಸಿಕೊಂಡು ಬಂದಿದ್ದ. ಮೊನ್ನೆ ಇದ್ದಕ್ಕಿದ್ದಂತೆ ಹೆಂಡತಿ ನೀಲವ್ವನೇ ಮೆಕ್ಯಾನಿಕ್ ಮೌಲಾಸಾಬನನ್ನು ಕರೆಸಿ ಹೊಸ ಪಂಪು, ಹೊಸ ಸೀಲು, ದಪ್ಪನೆಯ ಪೈಪು ಹಾಕಿಸತೊಡಗಿದಳು. ತನ್ನ ಗಾಡಿಯ ಮೇಲೆ ಅವಳಿಗೆ ಇಷ್ಟು ಅಕ್ಕರೆ ಇದೆಯೆಂದು ದ್ಯಾಮಪ್ಪನಿಗೆ ಗೊತ್ತೇ ಇರಲಿಲ್ಲ.

ಇಂದು ಬೆಳಿಗ್ಗೆ ಕೆಲಸ ಮುಗಿಯಿತು.

"ಮನಷಾ ಕುಂತ್ರೂ ತಡೀತೈತೇನು?" ನೀಲವ್ವ ಕೇಳಿದಳು.

"ನಾಕ್ ಮಂದಿ ಕುಂತ್ರೂ ತಡೀತೈತ್ರಿ ಅಕ್ಕಾರ," ಎಂದ ಮೌಲಾಸಾಬ.

"ಹಂಗಾರ ನೀವ ಹತ್ತಿ ಕುಂದರ್ರಿ," ಎಂದಳು ಗಂಡನಿಗೆ.

ದ್ಯಾಮಪ್ಪ ರುಮಾಲು ಸರಿಮಾಡಿಕೊಂಡು ಬಕೆಟ್ಟಿನಲ್ಲಿ ಕುಳಿತ. ನೀಲವ್ವ ಸೀಟು ಹತ್ತಿ ಲಿವರ್ ಎಳೆದಳು. ಬಕೆಟ್ ಒಂದಿಷ್ಟೂ ಮುಗ್ಗರಿಸದೆ ಸರಾಗವಾಗಿ ಏರಿತು. ಮಾಳಿಗೆಯ ಆಚೆ ತನ್ನ ಉಳ್ಳಾಗಡ್ಡಿ ಹೊಲ ಕಂಡು ಅವನ ಕೈ ತಾನಾಗಿ ಮೀಸೆಗೆ ಹೋಯಿತು.

"ಭಾರಿ ಆಗೈತಿ. ಸಾಕು, ಇಳಸಿನ್ನ."

ನೀಲವ್ವ ಅವನ ಕಡೆ ನೋಡಲಿಲ್ಲ. "ಮೌಲಾ, ಗಾಡಿ ಹೊಡದ್ರೂ ಇದು ಕೆಳಗ ಬರಂಗಿಲ್ಲಲ್ಲ?"

"ನೀವು ಇಳಸೂತನ ಒಂದ ಬೆರಳೂ ಇಳಿಯಂಗಿಲ್ರಿ."

ಅವಳು ಗೇರು ಹಾಕಿದಳು. ಟ್ರ್ಯಾಕ್ಟರ್ ಅಂಗಳ ದಾಟಿ ರಸ್ತೆಗೆ ಬಂತು.

"ಏ, ಎಲ್ಲಿಗೆ ಹೊಂಟಿ?" ಮೇಲಿನಿಂದ ದ್ಯಾಮಪ್ಪ ಕೇಳಿದ.

"ದವಾಖಾನಿಗೆ. ನಿಮಗ ನಾಯಿ ಕಡದದ್ದಕ್ಕ ಇವತ್ತ ಎರಡನೇ ಸೂಜಿ ಐತಿ. ಮದಲನೇದ್ದು ಹಾಕ್ಸೂದ್ರಾಗ ನನ್ನ ಊರ ತುಂಬ ಓಡ್ಯಾಡ್ಸಿದ್ರಿ. ಈಗ ಓಡ್ರಿ ನೋಡೂಣು."