ಅರೆಕ್ಷಣ ತಡೆಯುವ ಕಾರು

ಕಾರು ಮತ್ತೆ ತಡೆಯಿತು. ಆಕ್ಸಿಲರೇಟರ್ ಒತ್ತಿದ ಮೇಲೂ ಅರೆಕ್ಷಣ ಸುಮ್ಮನಿದ್ದು, ಆಮೇಲೆ ಯಾರೋ ಬೆನ್ನಿಗೆ ಗುದ್ದಿದ ಹಾಗೆ ಮುನ್ನುಗ್ಗಿತು. ಪಾಪ, ಇದಕ್ಕೂ ನನ್ನದೇ ಸ್ವಭಾವ ಅಂದುಕೊಂಡಳು ಅವಳು. ಯಾರಾದರೂ ಹೆಸರು ಕೇಳಿದರೆ ಅವಳಿಗೂ ಅಷ್ಟೇ ಹೊತ್ತು ಬೇಕು.

ಪಕ್ಕದ ಸೀಟಿನಲ್ಲಿದ್ದ ಸರ್ ಬರೆಯುವ ಹಲಗೆಯನ್ನು ಎದೆಗೆ ಅವುಚಿಕೊಂಡು, "ಗೊತ್ತಾಯ್ತಾ?" ಅಂದರು.

"ಇನ್ನೂ ಇಲ್ಲ ಸರ್."

"ಬೇಗ ನೋಡಿ. ಇನ್ನು ಹತ್ತೇ ನಿಮಿಷ ಇರೋದು."

ಗ್ಯಾರೇಜಿನಲ್ಲಿ ಖಾಲಿಯಿದ್ದದ್ದು ಒಂದೇ ಕೆಲಸ. ಪರೀಕ್ಷೆಯೂ ಒಂದೇ: ಅಂಗಳದಲ್ಲಿ ನಿಲ್ಲಿಸಿದ ಡೀಸೆಲ್ ಕಾರಿನ ರೋಗ ಯಾವುದೆಂದು ಹೇಳಬೇಕು. ಹೇಳಲಾಗದಿದ್ದರೆ ಸೋಮವಾರದಿಂದ ಚಿಕ್ಕಮ್ಮನ ಬಟ್ಟೆಯಂಗಡಿಯ ಕೌಂಟರು. ಅಲ್ಲಿ ದಿನಕ್ಕೆ ನೂರು ಜನರ ಮುಖ ನೋಡಿ ನಗಬೇಕು. ಎಂಜಿನ್ ಎಂದರೆ ಅಪಾರ ಆಸಕ್ತಿ ಎಂದು ಅರ್ಜಿಯಲ್ಲಿ ಬರೆದಿದ್ದಳು. ಡೈರಿಯಲ್ಲಿ ಬರೆದ ಕಾರಣ ಬೇರೆ: ಎಂಜಿನ್ ತಿರುಗಿ ಪ್ರಶ್ನೆ ಕೇಳುವುದಿಲ್ಲ.

ಗೇಟಿನಲ್ಲಿ ವಾಚ್‌ಮನ್ ೧೨ ಎಂಬ ಚೀಟಿ ಕೊಟ್ಟು, ಅಂಗಿಗೆ ಪಿನ್ ಮಾಡಿಕೊಳ್ಳಲು ಹೇಳಿ, "ಹನ್ನೊಂದು ಮುಗೀಲಿ, ಆಮೇಲೆ ನೀವಮ್ಮಾ" ಅಂದಿದ್ದ. ಅಂಗಳಕ್ಕೆ ಬಂದರೆ ಹನ್ನೊಂದರ ಸುಳಿವೇ ಇಲ್ಲ. ಕೈಚೆಲ್ಲಿ ಹೋಗಿರಬೇಕು ಎಂದು ಖುಷಿಪಟ್ಟಳು. ಖುಷಿಪಟ್ಟದ್ದಕ್ಕೆ ನಾಚಿಕೊಂಡಳು. ಅಷ್ಟರಲ್ಲಿ ಬಿಳಿ ಅಂಗಿ, ಎದೆಗೊತ್ತಿದ ಹಲಗೆ, ಕಿವಿಯ ಮೇಲೆ ಪೆನ್ನು ಕಂಡಿತು. ನಾಲಿಗೆ ತಾನಾಗಿ "ನಮಸ್ಕಾರ ಸರ್" ಅಂದಿತು. ಅವಳ ನಾಲಿಗೆಗೆ ಅದೊಂದು ಚಾಳಿ. ರಾಂಗ್ ನಂಬರಿನವರಿಗೂ ಸರ್ ಅನ್ನುವವಳು ಅವಳು.

ಅವರು ಅವಳ ಚೀಟಿ ನೋಡಿ, ಕ್ಷಣ ತಡೆದು, "ಬನ್ನಿ ಬನ್ನಿ. ಇದೇ ಕಾರು. ಏನಾಗಿದೆ ಹೇಳಿ ನೋಡೋಣ" ಅಂದಿದ್ದರು.

ಈಗ ಕಾರು ನಿಲ್ಲಿಸಿ ಬಾನೆಟ್ ಎತ್ತಿದಳು.

"ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿರಬಹುದಾ ಸರ್?"

"ಅಲ್ಲ. ಬಿಚ್ಚಿ ನೋಡಿದೀನಿ, ಹೊಸದು."

"ಏರ್ ಫಿಲ್ಟರ್?"

"ಅದೂ ನೋಡಾಯ್ತು. ಮುಂದೆ ಹೇಳಿ."

ಅವರ ಅಂಗಿಯ ತೋಳಿನ ತುದಿಗೆ ಗ್ರೀಸು ಮೆತ್ತಿತ್ತು. ಪರೀಕ್ಷಕರೆಂದರೆ ಹೀಗಿರಬೇಕು, ಎಂಥ ಶ್ರದ್ಧೆ ಎಂದು ಮೆಚ್ಚಿಕೊಂಡಳು. ಸರ್ ಮಾತ್ರ ಮತ್ತೆ ಮತ್ತೆ ಆಫೀಸಿನ ಬಾಗಿಲ ಕಡೆ ನೋಡುತ್ತಿದ್ದರು.

"ಸರ್, ಸ್ವಲ್ಪ ರೇಸ್ ಕೊಡ್ತೀರಾ?" ಅಂದವಳು ನಾಲಿಗೆ ಕಚ್ಚಿಕೊಂಡಳು. ಪರೀಕ್ಷಕರಿಗೇ ಕೆಲಸ ಹೇಳುವುದೇ! ಸರ್ ಓಡಿಹೋಗಿ ಸೀಟಿನಲ್ಲಿ ಕೂತು ರೇಸ್ ಕೊಟ್ಟೇಬಿಟ್ಟರು.

ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊದಿಂದ ಹೊರಡುವ ದಪ್ಪ ಹೋಸಿನ ಜೋಡಣೆಯಲ್ಲಿ ಎಣ್ಣೆ ಕಂಡಿತು.

"ಇಲ್ಲಿ ಗಾಳಿ ಸೋರ್ತಿದೆ ಸರ್. ಒತ್ತಡ ನಿಲ್ತಿಲ್ಲ, ಅದಕ್ಕೇ ಪಿಕಪ್ ತಡ."

"ಖಂಡಿತಾನಾ?"

ಆ ಪದ ಅವಳ ಬಾಯಿಂದ ಹೊರಟು ವರ್ಷಗಳೇ ಆಗಿದ್ದವು. ಇವತ್ತು ಧೈರ್ಯ ಮಾಡಿದಳು. "ಖಂಡಿತ ಸರ್."

ಸರ್ ಆಚೆ ತಿರುಗಿ ಅದನ್ನೇ ಬರೆದುಕೊಂಡರು. "ನೀವು ಇಲ್ಲೇ ಇರಿ, ನಾನು ಒಳಗೆ ಹೋಗಿ ಹೇಳ್ತೀನಿ. ತುಂಬಾ ಉಪಕಾರ ಆಯ್ತು."

ಉಪಕಾರ! ಇಷ್ಟು ವಿನಯದ ಪರೀಕ್ಷಕರನ್ನು ಅವಳು ಕಂಡಿರಲಿಲ್ಲ.

ಒಬ್ಬಳೇ ಉಳಿದದ್ದೇ ತಡ, ಆ 'ಖಂಡಿತ' ಒಳಗಿಂದ ಕೊರೆಯತೊಡಗಿತು. ಕರವಸ್ತ್ರದಿಂದ ಎಣ್ಣೆ ಒರೆಸಿದಳು. ಎಂಜಿನ್ ಓಡುತ್ತಲೇ ಇತ್ತು, ಹೊಸ ಎಣ್ಣೆ ಜಿನುಗಲಿಲ್ಲ. ಕ್ಲಿಪ್ಪು ಬಿಗಿಯಾಗಿತ್ತು. ಕಿವಿಗೊಟ್ಟಳು. ಹೋಸಿನ ಹಿಂದೆಲ್ಲೋ ಸಣ್ಣಗೆ ಸ್ಸ್ ಎಂಬ ಸದ್ದು. ಕೈ ತೂರಿಸಿ ತಡಕಿದರೆ ಪೆನ್ಸಿಲ್ ಗಾತ್ರದ ರಬ್ಬರ್ ಪೈಪು, ಟರ್ಬೊವನ್ನು ಎಬ್ಬಿಸುವುದು ಅದರ ಕೆಲಸ. ಅಡಿಯಲ್ಲಿ ಉಗುರಷ್ಟು ಸೀಳು. ಅದು ಅವಳ ಬೆರಳ ತುದಿಯನ್ನು ಒಳಗೆಳೆದುಕೊಂಡಿತು, ಸದ್ದು ನಿಂತಿತು.

ಚಪ್ಪಲಿ ಕಚ್ಚಿದ ಹಿಮ್ಮಡಿಗೆಂದು ತಂದಿದ್ದ ಪ್ಲಾಸ್ಟರನ್ನು ಸೀಳಿಗೆ ಸುತ್ತಿ, ಅಂಗಳದಲ್ಲಿ ಒಂದು ಸುತ್ತು ಹೊಡೆದಳು. ಒತ್ತಿದ ಕೂಡಲೇ ಕಾರು ಎದ್ದಿತು. ತಡೆಯಲೇ ಇಲ್ಲ.

ಬೇರೆ ಯಾರಾದರೂ ಕುಣಿಯುತ್ತಿದ್ದರು. ಅವಳು ಸ್ಟೀರಿಂಗ್ ಬಿಡದೆ ಆಫೀಸಿನ ಬಾಗಿಲ ಕಡೆ ನೋಡಿದಳು. ಸರ್ ತಪ್ಪು ಉತ್ತರ ಬರೆದುಕೊಂಡು ಹೋಗಿದ್ದಾರೆ. ಇನ್ನು ಬಾಗಿಲು ತಟ್ಟಬೇಕು, ಒಳಗೆ ಹೋಗಬೇಕು, ಬಾಯಿ ಬಿಡಬೇಕು. ಮೂರೂ ಒಂದೇ ದಿನ! ಡೈರಿ ತೆಗೆದು ಹೇಳಬೇಕಾದ್ದನ್ನು ನಾಲ್ಕು ಸಲ ಬರೆದು, ಮೂರು ಸಲ ಹೊಡೆದುಹಾಕಿದಳು. ಗೇಟಿನ ಕಡೆ ಎರಡು ಹೆಜ್ಜೆಯನ್ನೂ ಇಟ್ಟಳು. ಕಣ್ಣ ಮುಂದೆ ಚಿಕ್ಕಮ್ಮನ ಕೌಂಟರು ಬಂತು. ತಿರುಗಿ ಹೋಗಿ ಬಾಗಿಲು ತಟ್ಟಿದಳು.

ಒಳಗೆ ಕಾಲಿಟ್ಟವಳು ತಲೆಯೆತ್ತದೆ ಡೈರಿ ನೋಡಿ ಒಂದೇ ಉಸಿರಿಗೆ ಓದಿದಳು: "ಸರ್, ಕ್ಷಮಿಸಿ. ನಾನು ನಿಮಗೆ ಹೇಳಿದ್ದು ತಪ್ಪು. ದಪ್ಪ ಹೋಸ್ ಅಲ್ಲ, ಅದರ ಹಿಂದಿನ ಸಣ್ಣ ಪೈಪು ಸೀಳಿದೆ. ದಯವಿಟ್ಟು ನನ್ನ ಉತ್ತರ ಹೊಡೆದುಹಾಕಿ."

ಉತ್ತರಿಸಿದ್ದು ಹೆಂಗಸೊಬ್ಬರ ದನಿ.

"ಹೋಸಿಗೆ ಎಣ್ಣೆ ಬಳಿದಿದ್ದೇ ನಾನು. ಬೆಳಿಗ್ಗೆಯಿಂದ ಬಂದವರೆಲ್ಲ ಅಲ್ಲೇ ಜಾರಿದ್ರು. ಸೋಮವಾರ ಎಂಟು ಗಂಟೆಗೆ ಬಂದುಬಿಡಮ್ಮಾ. ಅದಿರ್ಲಿ, ಆ ತಪ್ಪು ಉತ್ತರ ಹೇಳಿದ್ದು ಯಾರಿಗೆ?"

ಅವಳು ತಲೆಯೆತ್ತಿದಳು. ಮೇಜಿನ ಹಿಂದೆ, ದೊಡ್ಡ ಕುರ್ಚಿಯಲ್ಲಿ, ಗ್ರೀಸು ಮೆತ್ತಿದ ನೀಲಿ ಕೋಟಿನ ನರೆಗೂದಲ ಹೆಂಗಸು. ಈಚೆಗೆ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ, ಕಿವಿಯವರೆಗೂ ಕೆಂಪಾಗಿ, ಸರ್. ಹಲಗೆ ಎದೆಯಿಂದ ಜಾರಿ ಮಂಡಿಗೆ ಬಂದಿತ್ತು.

ಬಿಳಿ ಅಂಗಿಯ ಮೇಲೆ ಪಿನ್ ಮಾಡಿದ ಚೀಟಿ: ೧೧.