ಎರಡನೇ ಸಲದ ನೀರು

“ಮತ್ತೆ ನೀರು ತರಬೇಕು ಸರ್.”

ಬೆಳಗಿನಿಂದ ಈ ಮಾತು ಮೂರನೇ ಸಲ. ಮುಖ್ಯಸ್ಥರು ವರದಿಯಿಂದ ತಲೆ ಎತ್ತಲಿಲ್ಲ. ಪ್ರಯೋಗಾಲಯದ ಸಹಾಯಕಿ ಮೇಜಿನ ಮುಂದೆ ನಿಂತೇ ಇದ್ದಳು.

ಹೊಳೆಯಲ್ಲಿ ನೈಟ್ರೇಟ್ ಮಿತಿ ಮೀರಿತ್ತು. ದಂಡೆಯ ಮೇಲೆ ಇದ್ದದ್ದು ಎರಡೇ: ಮೂವತ್ತು ಹಸುಗಳ ಕೊಟ್ಟಿಗೆ, ಅದರಾಚೆ ಹೂ ಬೆಳೆಯುವ ಗಾಜಿನ ಮನೆಗಳು. ನೈಟ್ರೋಜನ್ ಪರಮಾಣುಗಳಲ್ಲಿ ಹಗುರದ್ದು, ಭಾರದ್ದು ಎಂದು ಎರಡು ಬಗೆ. ಸಗಣಿ, ಗಂಜಲದಿಂದ ಬಂದ ನೈಟ್ರೇಟಿನಲ್ಲಿ ಭಾರದ್ದು ತುಸು ಹೆಚ್ಚು. ಹೂವಿಗೆ ಹಾಕುವ ಚೀಲದ ರಾಸಾಯನಿಕ ಗೊಬ್ಬರದ್ದರಲ್ಲಿ ಕಡಿಮೆ. ಮೊದಲ ಸಲ ತಂದ ನೀರಿಗೆ ಯಂತ್ರ ಭಾರ ಎಂದಿತ್ತು. ಕೊಟ್ಟಿಗೆಗೆ ಬೀಗ ಹಾಕಿಸುವ ಆದೇಶಕ್ಕೆ ನಾಳೆ ಸಹಿ.

“ಬಾಟಲಿ ನೀರನ್ನ ನಾನು ಸೋಸಿರ್ಲಿಲ್ಲ ಸರ್. ದಾರೀಲಿ ಗಾಡಿ ಕೆಟ್ಟು ಎರಡು ದಿನ ಬಿಸಿಲಲ್ಲಿ ಉಳಿದ್ವು. ಒಳಗಿರೋ ಸೂಕ್ಷ್ಮಜೀವಿಗಳು ಹಗುರದ್ದನ್ನೇ ಮೊದಲು ತಿಂತಾವೆ, ಭಾರದ್ದು ಉಳಿಯುತ್ತೆ. ಆಗ ಚೀಲದ ಗೊಬ್ಬರದ ನೀರೂ ಸಗಣಿ ನೀರಿನ ಹಾಗೇ ಕಾಣುತ್ತೆ. ತಪ್ಪು ನಂದೇ.”

“ತಪ್ಪು ಒಪ್ಕೊಳ್ಳೋಕೆ ಇಷ್ಟು ಅವಸರ ಪಡೋರನ್ನ ನಾನು ನೋಡೇ ಇಲ್ಲಮ್ಮ.” ಅವರು ಕನ್ನಡಕ ತೆಗೆದರು. “ಕೊಟ್ಟಿಗೆಯವರು ನಿಮಗೇನಾಗ್ಬೇಕು?”

ಅವಳು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಂತು. ಹೊರಗೆ ಓಡಿದಳು.

“ಏನಾಯ್ತು ಪುಟ್ಟಿ?” ಅಣ್ಣನ ದನಿ ಒಣಗಿತ್ತು.

“ಇನ್ನೂ ಏನೂ ಆಗಿಲ್ಲಣ್ಣ.”

“ನನ್ನ ಹೊಟ್ಟೆ ಮೇಲೆ ಹೊಡೀಬೇಡ ಕಣೇ. ಎರಡು ಮಕ್ಕಳಿದಾವೆ.”

“ಗೊತ್ತಣ್ಣ. ನನ್ ಕೆಲಸ ನಾನು ಮಾಡ್ತಿದೀನಿ.”

ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು. ಅಣ್ಣನ ಮೇಲೋ, ಗಾಡಿಯ ಮೇಲೋ, ತನ್ನ ಮೇಲೋ ತಿಳಿಯಲಿಲ್ಲ. ತಿರುಗಿದರೆ ಬಾಗಿಲಲ್ಲಿ ಮುಖ್ಯಸ್ಥರು.

“ಅಣ್ಣನಾ? ಹಾಗೆ ಹೇಳಿ ಮತ್ತೆ! ಅದಕ್ಕೇ ಇಷ್ಟು ಒದ್ದಾಟ. ಆಯ್ತು, ನೀರು ನಾನೇ ತರ್ತೀನಿ. ನೀವು ಬಾಟಲಿ ಮುಟ್ಟೋ ಹಾಗಿಲ್ಲ. ಆಗಲೂ ಭಾರ ಬಂದ್ರೆ ಈ ಕೆಲಸಕ್ಕೆ ಎಳ್ಳುನೀರು ಬಿಟ್ಬಿಡಿ.”

ಅವಳು ತಲೆಯಾಡಿಸಿದಳು.

ಮೂರು ವಾರ ಕಾಯಬೇಕಾಯಿತು. ಊಟದ ಹೊತ್ತಿಗೆ ಯಾರೂ ಅವಳ ಪಕ್ಕ ಕೂರಲಿಲ್ಲ. “ಮನೆಗೆ ಹಾಲು ಬಿಟ್ಟಿ ಬರುತ್ತಾ?” ಎಂದು ಗುಮಾಸ್ತೆ ಕೇಳಿದಾಗ ಎಲ್ಲರೂ ನಕ್ಕರು. ಅವಳು ಸಂಜೆ ಕಾಲೇಜಿನ ಹಳೆಯ ಟಿಪ್ಪಣಿಗಳನ್ನು ಮತ್ತೆ ಮತ್ತೆ ತಿರುವಿದಳು. ತನ್ನ ಲೆಕ್ಕವೇ ತಪ್ಪಾಗಿದ್ದರೆ? ಮತ್ತೆ ಭಾರವೇ ಬಂದರೆ? ಬಂದರೇ ಒಳ್ಳೆಯದು ಎಂದೂ ಒಂದು ಕ್ಷಣ ಅನ್ನಿಸಿ, ನಾಚಿದಳು. ಅಣ್ಣ ಫೋನ್ ಮಾಡುವುದನ್ನೇ ಬಿಟ್ಟಿದ್ದ.

ಫಲಿತಾಂಶ ಬಂತು. ಹಗುರ.

ಮುಖ್ಯಸ್ಥರು ಹಾಳೆಯನ್ನು ಎರಡು ಸಲ ಓದಿ, ಎದ್ದು ನಿಂತರು. “ನಾನು ತಪ್ಪು ತಿಳ್ಕೊಂಡಿದ್ದೆ ಕಣಮ್ಮ. ಚೀಲದ ಗೊಬ್ಬರವೇ. ಕೊಟ್ಟಿಗೆ ಉಳೀತು, ಬೀಗ ಹೂವಿನವರಿಗೆ. ಹೋಗಿ, ನಿಮ್ಮಣ್ಣಂಗೆ ನೀವೇ ಹೇಳಿ.”

“ಕೊಟ್ಟಿಗೆಯವರು ಯಾರು ಅಂತಾನೂ ನಂಗೊತ್ತಿಲ್ಲ ಸರ್,” ಎಂದಳು. “ಹೂವಿನ ಮನೆಗಳು ನಮ್ಮಣ್ಣಂದು.”