ಗುರುತಿಲ್ಲದ ಊರು

“ಬಿಲ್ ಬೇಕಾ ಸಾರ್? ಬೇಡ ಅಂದ್ರೆ ಟ್ಯಾಕ್ಸ್ ಬೀಳಲ್ಲ.”

ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮನ್ನು ಡಬ್ಬಿಗೆ ಹಾಕುತ್ತ ತೀರ್ಥಹಳ್ಳಿಯ ಅಂಗಡಿಯವನು ಕೇಳಿದಾಗ ಬೆಳ್ಳಪ್ಪನ ಮನಸ್ಸು ಹಗುರಾಯಿತು. ಸಾಗರದಲ್ಲಿ ಅವನು ಸೇಲ್ಸ್ ಟ್ಯಾಕ್ಸ್ ಇನ್ಸ್‌ಪೆಕ್ಟರು. ಹದಿನಾಲ್ಕು ವರ್ಷಗಳಲ್ಲಿ ಅಲ್ಲಿನ ಒಬ್ಬ ಅಂಗಡಿಯವನೂ ಅವನನ್ನು ಹೀಗೆ ಕೇಳಿರಲಿಲ್ಲ. ಬನಿಯನ್ ಕೊಳ್ಳಲು ಹೋದರೂ ಮಾತು ನಿಲ್ಲುತ್ತಿತ್ತು, ಗಿರಾಕಿಗಳು ಸರಿದು ಜಾಗ ಬಿಡುತ್ತಿದ್ದರು, ಒಳಗಿನಿಂದ ಬಿಲ್ ಪುಸ್ತಕ ಹೊರಬರುತ್ತಿತ್ತು. ಇಡೀ ಪೇಟೆಯಲ್ಲಿ ತೆರಿಗೆ ಕೊಟ್ಟು ಕೊಳ್ಳುವವನು ತಾನೊಬ್ಬನೇ ಏನೋ ಅನ್ನಿಸಿ ಅವನಿಗೆ ಸಾಕಾಗಿಹೋಗಿತ್ತು. ಮಗಳ ಹುಟ್ಟುಹಬ್ಬದ ನೆಪದಲ್ಲಿ ಗುರುತಿಲ್ಲದ ಊರಿಗೆ ಬಸ್ಸು ಹತ್ತಿದ್ದು ಅದಕ್ಕೇ.

“ಬ್ಯಾಡ ಮಾರಾಯ್ರೆ, ಬಿಲ್ ಯಾರಿಗೆ ಬೇಕು,” ಎಂದ. ಬೇರೆಯವರು ಹೀಗೆ ಅನ್ನುವುದನ್ನು ಎಷ್ಟು ಸಲ ಮರೆಯಲ್ಲಿ ನಿಂತು ಕೇಳಿದ್ದನೋ.

“ನೀವು ನಮ್ಮೋರು ಬಿಡಿ,” ಎಂದು ಅಂಗಡಿಯವನು ನಕ್ಕ. ಹೊಸ ಸೆಲ್ ಹುಡುಕಲು ಕಪಾಟಿನ ಕಡೆ ತಿರುಗಿದ.

ಮರಳಿ ಈಚೆ ತಿರುಗಿದಾಗ ಆ ನಗು ಇರಲಿಲ್ಲ. ಅಂಗಡಿಯವನು ನೋಡುತ್ತಿದ್ದುದು ಬೆಳ್ಳಪ್ಪನ ಕೈಯನ್ನು. ಬೆಳ್ಳಪ್ಪನೂ ನೋಡಿಕೊಂಡ. ಮೇಜಿನ ಮೇಲೆ ಬಿದ್ದಿದ್ದ ಬಿಲ್ ಪುಸ್ತಕವನ್ನು ಆ ಕೈ ತನ್ನಷ್ಟಕ್ಕೆ ತಾನೇ ಬಿಚ್ಚಿ, ಕಾರ್ಬನ್ ಎತ್ತಿ, ನಕಲು ಹಾಳೆಗಳನ್ನು ಹೆಬ್ಬೆರಳಿನಿಂದ ಮಗುಚುತ್ತ ನಂಬರು ತಾಳೆ ನೋಡುತ್ತಿತ್ತು.

ಅಂಗಡಿಯವನು ಮೆಲ್ಲಗೆ ಪುಸ್ತಕವನ್ನು ತನ್ನತ್ತ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದ.

“ಬಿಲ್ ಯಾವ ಹೆಸ್ರಿಗೆ ಬರೀಲಿ, ಸಾಹೇಬ್ರೆ?”